ಆ ಕಾಗದದಲ್ಲಿ ಹಾಗೆ ಬರೆದಿರಲಿಲ್ಲ

ಗಿರಿಜಾ, ಆ ಟರ್ಕಿ ಸಿನಿಮಾದ ಕೊನೆಯಲ್ಲಿ ಹೆಂಗಸೊಬ್ಬಳು ತನ್ನ ಅಣ್ಣನಿಗೆ ಕಾಗದ ಬರೆಯುತ್ತಾಳಲ್ಲ — ಅದನ್ನು ನಾನು ನಿನಗೆ ಸುಳ್ಳು ಓದಿ ಹೇಳಿದೆ. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬಂದದ್ದು ಒಂದು, ನನ್ನ ಬಾಯಿಂದ ಕನ್ನಡದಲ್ಲಿ ಬಂದದ್ದು ಇನ್ನೊಂದು. ಅವಸರಕ್ಕೆ ತಪ್ಪಿತು ಎನ್ನೋಣವೆಂದರೆ ಹಾಗೂ ಇಲ್ಲ. ಇಪ್ಪತ್ತೈದು ವರ್ಷ ಇಂಗ್ಲಿಷ್ ಪಾಠ ಮಾಡಿದವಳಿಗೆ ಆರು ಸಾಲು ಅರ್ಥವಾಗುವುದಿಲ್ಲವೆ? ಬೇಕೆಂದೇ ಹೇಳಿದೆ. ಹೇಳಿ ಆರು ವರ್ಷವಾಯಿತು.

ಇದನ್ನು ಬಾಯಿಬಿಟ್ಟು ಹೇಳೋಣವೆಂದು ಗುರುವಾರದಿಂದ ಅಡುಗೆಮನೆಯ ಬಾಗಿಲವರೆಗೆ ಎಷ್ಟು ಸಲ ಬಂದೆನೋ. ನೀನು ತಿರುಗಿ ನೋಡಿ "ಏನತ್ತಿಗೆ, ಕಾಫಿನಾ?" ಅನ್ನುತ್ತೀಯ. ನಾನು ಹೂಂ ಅನ್ನುತ್ತೇನೆ. ಮೂರು ದಿನದಲ್ಲಿ ಹೀಗೆ ಕುಡಿದ ಕಾಫಿಗೆ ನನಗೆ ಎದೆಯುರಿ ಬಂದಿದೆ. ಅದಕ್ಕೇ ಬರೆಯಲು ಕುಳಿತೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಟೀಚರುಗಳ ಚಾಳಿ ಇದು. ಅದೂ ಅಲ್ಲದೆ, ಗೊತ್ತಿರುವುದನ್ನು ಬಿಟ್ಟು ಬರೆಯುತ್ತಾ ಹೋದರೆ ಬಿಡಬಾರದ್ದನ್ನೂ ಬಿಟ್ಟುಬಿಡುತ್ತೇನೆಂಬ ಭಯ — ನನ್ನನ್ನು ನಾನು ಬಲ್ಲೆ.

ನೀನು ನಮ್ಮ ಮನೆಗೆ — ತಪ್ಪು, ನಿನ್ನ ಮನೆಗೆ — ವಾಪಸು ಬಂದಾಗ ನಿನಗೆ ಮೂವತ್ತೊಂದು ವರ್ಷ. ಚಿಕ್ಕನಾಯಕನಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು, ಒಂದು ಹಿತ್ತಾಳೆಯ ಶ್ಯಾವಿಗೆ ಒರಳು ಹಿಡಿದುಕೊಂಡು ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ನಿಮ್ಮಣ್ಣ ಬೆಳಿಗ್ಗೆ ಎದ್ದು ಕೊಬ್ಬರಿ ವ್ಯಾಪಾರಕ್ಕೆ ಹೋದರೆ, ನಾನು ಹೈಸ್ಕೂಲಿಗೆ. ಮನೆಯಲ್ಲಿ ಕೀಲುನೋವಿನ ಅತ್ತೆ, ಅಂದರೆ ನಿನ್ನ ಅವ್ವ. ಒಂದು ತಿಂಗಳಲ್ಲಿ ಅಡುಗೆಮನೆ, ಅತ್ತೆಯ ಸ್ನಾನ, ಮಾತ್ರೆ, ಅಟ್ಟದ ಮೇಲೆ ಒಣಗಲು ಹಾಕಿದ ಕಾಯಿಯ ಲೆಕ್ಕ ಎಲ್ಲವೂ ನಿನ್ನ ಕೈಗೆ ಬಂತು. ನಾನು ಒಪ್ಪಿಸಿದೆ ಅನ್ನುವುದಕ್ಕಿಂತ ಕೈತೊಳೆದುಕೊಂಡೆ ಅನ್ನುವುದೇ ಸರಿ. ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಲೋಟ ಕೈಗೆ ಬರುತ್ತಿತ್ತು. ಮದುವೆಯಾಗಿ ಅಷ್ಟು ವರ್ಷಕ್ಕೆ ಮೊದಲ ಸಲ ನಾನು ಸಂಜೆ ಹೊತ್ತು ಕುರ್ಚಿಯಲ್ಲಿ ಕುಳಿತೆ.

ಭಾನುವಾರದ ಸಿನಿಮಾ ಶುರುವಾದದ್ದು ನಿಮ್ಮಣ್ಣ ಕ್ರಿಕೆಟ್ಟಿಗೆಂದು ದೊಡ್ಡ ಟೀವಿ ತಂದ ವರ್ಷ. ನಮ್ಮ ಸ್ಕೂಲಿನ ಸೈನ್ಸ್ ಟೀಚರು ಒಂದು ಪೆನ್‌ಡ್ರೈವ್ ತುಂಬ ಬೇರೆ ಬೇರೆ ದೇಶದ ಸಿನಿಮಾ ಹಾಕಿಕೊಟ್ಟಿದ್ದರು. ಮೊದಲು ಹಾಕಿದ್ದು ಇಟಲಿಯದು. ಅದರಲ್ಲಿ ಜನ ಜಗಳವಾಡುವಾಗಲೂ ತಿನ್ನುತ್ತಿದ್ದರು, ಅಳುವಾಗಲೂ ತಿನ್ನುತ್ತಿದ್ದರು. ನೀನು ತಟ್ಟೆ ಮುಂದಿಟ್ಟುಕೊಂಡು ಸಿಟ್ಟಿಗೆದ್ದೆ:

"ಅವ್ರು ಹಂಗೆ ಬಾಯಿ ಚಪ್ಪರಿಸ್ಕಂಡು ತಿಂತಿರೋವಾಗ ನಾವು ಮಾತ್ರ ಮುದ್ದೆ ಮುರ್ಕಂಡು ಕೂರೋದು ಯಾವ್ ನ್ಯಾಯ ಅತ್ತಿಗೆ? ಮುಂದಿನ್ ವಾರ ಯಾವ್ ದೇಶ ಅಂತ ಮೊದ್ಲೇ ಹೇಳ್ಬುಡಿ. ಅಡ್ಗೆ ನಾನ್ ನೋಡ್ಕಂತೀನಿ."

ಅಷ್ಟೇ. ಅಂದಿನಿಂದ ಅದೇ ಕಟ್ಟಳೆಯಾಯಿತು. ಯಾವ ದೇಶದ ಸಿನಿಮಾವೋ ಅವತ್ತು ಆ ದೇಶದ ಊಟ. ನಾಲ್ಕು ಗಂಟೆಗೆ ಸಿನಿಮಾ ಶುರು. ಸಿನಿಮಾದವರು ಮೊದಲ ಸಲ ಊಟಕ್ಕೆ ಕೂತ ಕೂಡಲೇ ನಾವು ನಿಲ್ಲಿಸಿ ತಟ್ಟೆ ಹಾಕಿಕೊಳ್ಳುವುದು. ಇಟಲಿಯನ್ನು ಎರಡನೇ ಸಲ ನೋಡಿದಾಗ ನೀನು ಗೋಧಿಹಿಟ್ಟು ಕಲಸಿ ಆ ಹಿತ್ತಾಳೆ ಒರಳಲ್ಲಿ ಒತ್ತಿ, ಬೇಯಿಸಿ, ಟೊಮೊಟೊ ಬೆಳ್ಳುಳ್ಳಿ ಕುದಿಸಿ ಸುರಿದೆ. ಅತ್ತೆ ಒಂದು ಎಳೆ ಎತ್ತಿ ನೋಡಿ, "ಶ್ಯಾವ್ಗೆಗೆ ಗೊಜ್ಜು ಹುಯ್ದವ್ರಲ್ಲೇ! ಪಾಪ, ಅವ್ರಿಗೆ ಕಾಯಾಲು ಸಿಗಕ್ಕಿಲ್ವಾ?" ಎಂದು ಇಡೀ ಇಟಲಿಗೆ ಮರುಗಿದರು.

ಇರಾನಿನ ಸಂಜೆ ನೆನಪಿದೆಯೆ? ಅವರಲ್ಲಿ ಪಾತ್ರೆಯ ತಳದಲ್ಲಿ ಗರಿಗರಿ ಕೆಂಪಾದ ಅನ್ನವೇ ದೊಡ್ಡ ಮರ್ಯಾದೆಯದಂತೆ, ಬಂದ ನೆಂಟರಿಗೆ ಅದನ್ನೇ ಬಡಿಸುತ್ತಾರಂತೆ. ಚಿಕ್ಕಂದಿನಲ್ಲಿ ಅನ್ನ ತಳ ಹಿಡಿಸಿದ್ದಕ್ಕೆ ಅತ್ತೆಯ ಕೈಲಿ ಏಟು ತಿಂದವಳು ನೀನು. ಅವತ್ತು ಬೇಕೆಂದೇ ತಳ ಹಿಡಿಸಿ, ಅದನ್ನು ಉಲ್ಟಾ ಮಗುಚಿ, ಅವರ ತಟ್ಟೆಗೇ ಮೊದಲು ಹಾಕಿ, "ತಿನ್ನವ್ವ, ಮರ್ಯಾದೆ ಇದು" ಅಂದೆ. ನಿಮ್ಮಣ್ಣ ನಕ್ಕು ನಕ್ಕು ಕೆಮ್ಮಿದರು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲವಾದ್ದರಿಂದ ಮೀನಿರುವ ಕಡೆ ಬಾಳೆಕಾಯಿ, ಬಾದಾಮಿ ಅಕ್ರೋಟು ಏನೇ ಇದ್ದರೂ ಅಲ್ಲಿ ಕೊಬ್ಬರಿ. ಸ್ಪೇನಿನಲ್ಲೂ ಕೊಬ್ಬರಿ, ರಷ್ಯಾದಲ್ಲೂ ಕೊಬ್ಬರಿ.

ನಾನು ಸುಖವಾಗಿದ್ದೆ, ಗಿರಿಜಾ. ಈಗಲೂ ಸುಖವಾಗಿದ್ದೇನೆ. ಅದನ್ನು ಮುಚ್ಚಿಟ್ಟು ಬರೀ ಕಣ್ಣೀರು ಬರೆದರೆ ಅದೂ ಇನ್ನೊಂದು ಸುಳ್ಳಾದೀತು.

ನನ್ನ ಕೆಲಸವೆಂದರೆ ಓದಿ ಹೇಳುವುದು. ನೀನು ಓದಿದ್ದು ಕನ್ನಡದಲ್ಲಿ ಏಳನೇ ಕ್ಲಾಸು. ನಿಮ್ಮಣ್ಣನಿಗೆ ಇಂಗ್ಲಿಷ್ ಅಕ್ಷರ ಬಂದರೂ ಅದರ ಓಟಕ್ಕೆ ಕಣ್ಣು ಹೊಂದುವುದಿಲ್ಲ. ಅತ್ತೆಗೆ ಯಾವ ಅಕ್ಷರವೂ ಇಲ್ಲ. ನಾನು ಅತ್ತೆಯ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಕೆಳಗೆ ಬರುವ ಸಾಲುಗಳನ್ನು ನಮ್ಮ ಮನೆಮಾತಿಗೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಿದ್ದೆ. ಅದರಲ್ಲಿ ಮೊದಲಿನಿಂದಲೂ ಸಣ್ಣಪುಟ್ಟ ಕೈಚಳಕ ಇದ್ದೇ ಇತ್ತು. ಬೈಗುಳ ಬಂದರೆ "ಥೂ ನಿನ್ನ" ಎಂಬಲ್ಲಿಗೆ ನಿಲ್ಲಿಸುತ್ತಿದ್ದೆ. ಗಂಡನನ್ನು ಬಿಟ್ಟ ಹೆಂಗಸು ಬಂದರೆ ಅತ್ತೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆಂದು, ಗಂಡ ಸತ್ತನೆಂದು ಹೇಳುತ್ತಿದ್ದೆ. ನನ್ನ ಬಾಯಲ್ಲಿ ಯೂರೋಪಿನ ಎಷ್ಟು ಗಂಡಂದಿರು ಅನ್ಯಾಯವಾಗಿ ಸತ್ತರೋ ಲೆಕ್ಕವಿಲ್ಲ. ಯಾರಿಗೂ ನಷ್ಟವಿರಲಿಲ್ಲ, ನಗುವಂಥದ್ದೇ. ಆದರೆ ಒಬ್ಬಳೇ ಓದಬಲ್ಲವಳು, ಉಳಿದವರು ಕೇಳುವವರು — ಹಾಗಿರುವಾಗ ಏನು ಬೇಕಾದರೂ ಹೇಳಬಹುದು ಎಂಬ ರುಚಿ ನನಗೆ ಹತ್ತಿದ್ದು ಅಲ್ಲಿಯೇ. ಈಗ ತಿಳಿಯುತ್ತದೆ.

ರತ್ನ ಬಂದದ್ದು ಆ ದಿನಗಳಲ್ಲಿ. ತುರುವೇಕೆರೆಯಲ್ಲಿ ನಿನ್ನ ಜೊತೆ ಓದಿದವಳು — ನಿನ್ನ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆಯಲ್ಲ, ಆಗಿನ ಗೆಳತಿ. ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಬಸ್ಸು ನಿಲ್ಲುವ ಕಡೆಯೇ ಒಂದು ಮಳಿಗೆ ಹಿಡಿದಿದ್ದಳು. ಊಟದ ಹೋಟೆಲು ಇಡುವ ಯೋಚನೆ. ಗಲ್ಲಾ, ಸಾಮಾನು, ಜನರ ಜೊತೆಗಿನ ಮಾತು ತನ್ನದು, ಒಲೆ ನಿನ್ನದು, ಇಬ್ಬರದೂ ಸಮಪಾಲು ಎಂದಳು. ಹಿಂದಿನ ಕೋಣೆಯಲ್ಲಿ ಇರಬಹುದು, ವಾರಕ್ಕೊಮ್ಮೆ ಮನೆಗೆ ಬಂದುಹೋಗಬಹುದು. ನೀನು ಅವತ್ತು ಯೋಚಿಸಿ ಹೇಳುತ್ತೇನೆಂದು ಅವಳನ್ನು ಕಳಿಸಿದೆ. ಆದರೆ ಆಮೇಲಿನ ಎರಡು ವಾರ ನೀನು ಬೇರೆಯೇ ಹೆಂಗಸಾಗಿದ್ದೆ. ಹಳೆಯ ಕ್ಯಾಲೆಂಡರಿನ ಹಿಂದೆ ಏನೇನೋ ಬರೆಯುತ್ತಿದ್ದೆ: ಸೋಮವಾರ ಅವರೆಕಾಳು, ಮಂಗಳವಾರ ಒತ್ತು ಶ್ಯಾವಿಗೆ. ನಾನು ನೋಡಿದೆ. ನೋಡಲಿಲ್ಲ ಅಂದುಕೊಂಡಿರುತ್ತೀಯ.

ನಿಮ್ಮಣ್ಣನದು ಇದರಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ. ನಾನು ಮೆಲ್ಲಗೆ, "ಅವಳು ಹೋದರೆ ಅತ್ತೆಯನ್ನು ನೋಡಿಕೊಳ್ಳುವವರು…" ಎಂದು ರಾಗ ಎಳೆದದ್ದಕ್ಕೆ ಅವರು ಏನೆಂದರು ಗೊತ್ತೆ? "ಹೋಗ್ಲಿ ಬುಡು. ಅವಳ ಕೈ ಅಡ್ಗೆನ ನಾಕ್ ಜನ ತಿನ್ಲಿ. ಅವ್ವುನ್ನ ನಾವಿಬ್ರೂ ನೋಡ್ಕಂಡ್ರಾಯ್ತು." ಅತ್ತೆ ಕೂಡ ಬೇಡವೆನ್ನಲಿಲ್ಲ. ನಿನ್ನ ದಾರಿಗೆ ಅಡ್ಡ ಇದ್ದವಳು ಮನೆಯಲ್ಲಿ ನಾನೊಬ್ಬಳೇ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲದವಳು. ನೀನು ಕೇಳಿದಾಗ "ನಿನಗೆ ಸರಿ ಕಂಡದ್ದು ಮಾಡು ಗಿರಿಜಾ" ಅಂದೆನಲ್ಲ, ದೊಡ್ಡ ಮನಸ್ಸಿನವಳ ಹಾಗೆ!

ಆ ಭಾನುವಾರ ಟರ್ಕಿ. ಯಾವ ಸಿನಿಮಾ ಎಂದು ನಾನು ಆರಿಸಿದ್ದಲ್ಲ, ಸಾಲಿನಲ್ಲಿ ಮುಂದೆ ಇದ್ದದ್ದು ಅದು. ನೀನು ಕೆಂಪು ಬೇಳೆಯ ಸೂಪು ಮಾಡಿದ್ದೆ, ಮೇಲೆ ಪುದೀನ ಹಾಕಿ ಕಾಯಿಸಿದ ಬೆಣ್ಣೆ. ಬದನೆಕಾಯಿ ಸೀಳಿ ಈರುಳ್ಳಿ, ಟೊಮೊಟೊ, ಕೊಬ್ಬರಿ ತುಂಬಿಸಿದ್ದೆ. ಅತ್ತೆ ಬಾಯಿಗಿಟ್ಟು, "ಎಣ್ಣೆಗಾಯಿನೇ ಕಣೇ ಇದು, ಖಾರ ಹಾಕೋದ್ ಮರ್ತವ್ರೆ" ಎಂದು ತೀರ್ಪು ಕೊಟ್ಟರು. ಸಿನಿಮಾದ ಹೆಂಗಸಿನ ಹೆಸರು ನೆರ್ಮಿನ್. ಅತ್ತೆಯ ನಾಲಿಗೆಗೆ ಅದು ಹತ್ತದೆ ನರ್ಮದಾ ಆಯಿತು, ನಮಗೂ ನರ್ಮದೆಯೇ ಆದಳು. ಗುಡ್ಡದ ಮೇಲಿನ ಊರು. ಅಣ್ಣನ ಮನೆಯಲ್ಲಿ ಬೇಯಿಸಿ ಹಾಕಿಕೊಂಡಿದ್ದವಳು, ಒಂದು ದಿನ ಸಮುದ್ರದ ಕಡೆಯ ಊರಿಗೆ ಹೋಗಿ ಬಸ್‌ಸ್ಟ್ಯಾಂಡಿನ ಪಕ್ಕ ಸೂಪಿನ ಅಂಗಡಿ ಇಡುತ್ತಾಳೆ.

ಕತೆ ಅಲ್ಲಿಗೆ ಬರುವಷ್ಟರಲ್ಲಿ ನೀನು ಕಾಲು ಮಡಚಿ ಕೂತಿದ್ದವಳು ಮುಂದಕ್ಕೆ ಜರುಗಿದ್ದೆ. ಅವಳು ಸೌದೆ ಹೊರುವುದು, ಯಾರೂ ಬಾರದ ಮೊದಲ ದಿನಗಳು, ಬಸ್ಸಿನ ಡ್ರೈವರು ಬಂದು ಬಟ್ಟಲು ನೆಕ್ಕುವುದು… ನೀನು ಅದನ್ನೆಲ್ಲ ಸಿನಿಮಾ ನೋಡಿದ ಹಾಗೆ ನೋಡುತ್ತಿರಲಿಲ್ಲ. ಹೋಗಿ ಬಂದವರ ಬಾಯಲ್ಲಿ ಊರಿನ ಸುದ್ದಿ ಕೇಳುವವರ ಹಾಗೆ ನೋಡುತ್ತಿದ್ದೆ. ನಾನು ಪರದೆ ಬಿಟ್ಟು ನಿನ್ನ ಮುಖ ನೋಡಿದೆ. ಇವಳು ಹೋಗುತ್ತಾಳೆ ಅನ್ನಿಸಿತು. ನಾಳೆಯೇ ಹೇಳುತ್ತಾಳೆ.

ಆಮೇಲೆ ಕೊನೆಯ ದೃಶ್ಯ. ಅಂಗಡಿಯಲ್ಲಿ ಒಬ್ಬಳೇ, ಮೇಜಿನ ಮೇಲೆ ಕುರ್ಚಿ ಎತ್ತಿಟ್ಟಿದೆ. ಅವಳು ಕಾಗದ ಬರೆಯುತ್ತಾಳೆ. ಕಣ್ಣಲ್ಲಿ ನೀರು ಇಳಿಯುತ್ತದೆ. ಬರೆದು, ಮಡಚಿ, ಎದ್ದು ಹೋಗಿ ಬಾಗಿಲು ಎಳೆಯುತ್ತಾಳೆ. ಅಷ್ಟೇ, ಮುಗಿಯಿತು. ಕಾಗದದಲ್ಲಿ ಏನಿತ್ತೆಂಬುದು ಕೆಳಗಿನ ಇಂಗ್ಲಿಷ್ ಸಾಲುಗಳಲ್ಲಿ ಮಾತ್ರ ಇತ್ತು. ಆ ಕಣ್ಣೀರಿಗೆ, ಆ ಮುಚ್ಚಿದ ಬಾಗಿಲಿಗೆ ಯಾವ ಮಾತು ಹೊಂದಿಸಿದರೂ ಹೊಂದುತ್ತಿತ್ತು. ನನಗೆ ಯೋಚಿಸಲು ಎರಡು ಕ್ಷಣ ಸಿಕ್ಕಿತು ಅಂತ ಕಾಣುತ್ತದೆ. ಎರಡು ಕ್ಷಣ ಸಾಕಾಗಿತ್ತು.

"ಅಣ್ಣಾ, ನನ್ ಕೈಲಿ ಆಗ್ಲಿಲ್ಲ. ಮನೆ ಬುಟ್ಟು ಬಂದೋಳಿಗೆ ಉಂಡಿದ್ದೂ ಮೈಗೆ ಹತ್ತಕ್ಕಿಲ್ಲ. ನಾಳೆ ಅಂಗ್ಡಿ ಬೀಗ ಕೊಟ್ಬುಡ್ತೀನಿ. ಅತ್ತಿಗೆಗೆ ಹೇಳು, ಬಾಗ್ಲು ತೆಗ್ದಿರ್ಲಿ."

ಹೀಗೆ ಓದಿದೆ. ಧ್ವನಿಯನ್ನು ಸ್ವಲ್ಪ ನಡುಗಿಸಿಯೇ ಓದಿದೆ. ಗಿರಿಜಾ, ಆ ಸಿನಿಮಾದಲ್ಲಿ ಅತ್ತಿಗೆ ಅನ್ನುವ ಪಾತ್ರವೇ ಇರಲಿಲ್ಲ. ಅಣ್ಣನಿಗೆ ಮದುವೆಯೇ ಆಗಿರಲಿಲ್ಲ. ಅತ್ತಿಗೆಯನ್ನು ನಾನು ಸೇರಿಸಿದೆ. ನೀನು ಅದನ್ನೂ ಗಮನಿಸಲಿಲ್ಲ — ಅಷ್ಟು ನಂಬಿಕೆ ನಿನಗೆ, ನಾನು ಓದಿದ್ದೆಲ್ಲ ಅಲ್ಲಿ ಬರೆದಿರುತ್ತದೆ ಎಂದು.

ನೀನು ಎದ್ದು ಲೈಟು ಹಾಕಿದೆ. ಉಳಿದಿದ್ದ ಬದನೆಕಾಯಿ ತಂದು, "ಅತ್ತಿಗೆ, ನೀವ್ ಸರಿಯಾಗಿ ಉಣ್ಲೇ ಇಲ್ಲ, ಓದೋದ್ರಾಗೇ ಆಯ್ತು" ಎಂದು ನನ್ನ ತಟ್ಟೆಗೆ ಎರಡು ಹಾಕಿದೆ. ನಾನು ತಿಂದೆ. ರುಚಿಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮಾರನೇ ಬೆಳಿಗ್ಗೆ ನೀನು ಹಿತ್ತಿಲಲ್ಲಿ ನಿಂತು ಫೋನಿನಲ್ಲಿ "ಬ್ಯಾಡ ಕಣೇ ರತ್ನ, ನಾನ್ ಬರಕ್ಕಿಲ್ಲ" ಅಂದದ್ದು ನನಗೆ ಬಚ್ಚಲಿಗೆ ಕೇಳಿಸಿತು. ನಾನು ನೀರು ಹುಯ್ದುಕೊಳ್ಳುತ್ತಿದ್ದವಳು ಹಾಗೇ ನಿಂತೆ. ನಿಂತು — ಸಂತೋಷಪಟ್ಟೆ. ಆ ಸಂತೋಷದ ನೆನಪಾದರೆ ಈಗ ಮೈ ಹಿಡಿಯಾಗುತ್ತದೆ.

ಯಾಕೆ ಮಾಡಿದೆ? ಕೆಲಸಕ್ಕೆ ಎಂದರೆ ನೀನು ನಂಬಬಹುದು. ಆದರೆ ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳಬಹುದಿತ್ತು. ನನಗೆ ಹಸಿವಾಗಿದ್ದದ್ದು ಬೇರೆಯದಕ್ಕೆ. ಆ ಸ್ಟೂಲಿನ ಮೇಲೆ ಕುಳಿತು ಪ್ರಪಂಚವನ್ನೆಲ್ಲ ನಿನಗೆ ಹೇಳುವವಳು ನಾನಾಗಿದ್ದೆ. ನೀನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ. ನೀನೇ ಹೋಗಿ ಪ್ರಪಂಚ ನೋಡಿಬಿಟ್ಟರೆ — ಕಿಬ್ಬನಹಳ್ಳಿ ಕ್ರಾಸಿನಷ್ಟೇ ಪ್ರಪಂಚವಾದರೂ — ನನ್ನ ಹತ್ತಿರ ಹೇಳಲಿಕ್ಕೆ ಏನು ಉಳಿಯುತ್ತದೆ? ಇಷ್ಟು ಸಣ್ಣದು ಅದು. ದೊಡ್ಡ ಕಾರಣವಿದ್ದಿದ್ದರೆ ಬರೆಯಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಮೇಲಿನ ಆರು ವರ್ಷ ಚೆನ್ನಾಗಿಯೇ ಕಳೆದೆವು. ಮೆಕ್ಸಿಕೊದ ಜೋಳದ ರೊಟ್ಟಿ ತಿಂದೆವು, ಶ್ರೀಲಂಕಾ ಸಿನಿಮಾದ ದಿನ ಒತ್ತು ಶ್ಯಾವಿಗೆ, ಕಾಯಿಹಾಲು ಎದುರಿಗೆ ಬಂದಾಗ ಅತ್ತೆ, "ಇದ್ಕೆ ಸಮುದ್ರ ದಾಟಿ ಹೋಗ್ಬೇಕಿತ್ತಾ?" ಎಂದು ಕೇಳಿದರು. ನೀನು ನಗುತ್ತಿದ್ದೆ. ಬೇಸರಪಟ್ಟುಕೊಂಡವಳ ಹಾಗೆ ಒಂದು ದಿನವೂ ಕಾಣಲಿಲ್ಲ. ಅದನ್ನೇ ಹಿಡಿದುಕೊಂಡು ನಾನು ಸಮಾಧಾನ ಮಾಡಿಕೊಂಡೆ. ಅವಳಿಗೂ ಇದೇ ಇಷ್ಟವಿತ್ತು, ನಾನು ಬರೀ ಒಂದು ನೆವ ಒದಗಿಸಿದೆ… ಹೀಗೆ. ದಿನ ಕಳೆದಂತೆ ಆ ಕಾಗದದ ನಿಜವಾದ ಸಾಲುಗಳು ನನಗೇ ಮಸುಕಾದವು.

ಈ ಗುರುವಾರ ರತ್ನ ಬಂದಳು. ನಾನು ನಡುಮನೆಯಲ್ಲಿ ಪೇಪರು ತಿದ್ದುತ್ತಿದ್ದೆ, ನೀವಿಬ್ಬರೂ ಒಳಗೆ. ಕ್ರಾಸಿನ ಹೋಟೆಲು ಒಬ್ಬಳೇ ನಡೆಸಿ ತನ್ನ ಕಾಲ ಮೇಲೆ ನಿಂತಿದ್ದಾಳೆ. ಈಗ ಮಾಯಸಂದ್ರದಲ್ಲಿ ಇನ್ನೊಂದು ಮಳಿಗೆ ಸಿಕ್ಕಿದೆ, ಅದನ್ನು ಪೂರ್ತಿ ನಿನಗೇ ಬಿಡುತ್ತೇನೆಂದಳು. ನಾನು ಕೆಂಪು ಪೆನ್ನು ಕೆಳಗಿಟ್ಟೆ. ಈ ಸಲ ಹೂಂ ಅನ್ನಲಿ ಎಂದುಕೊಂಡೆ, ದೇವರಾಣೆಗೂ ಅಂದುಕೊಂಡೆ. ಆಗ ನಿನ್ನ ಧ್ವನಿ ಬಂತು:

"ಬ್ಯಾಡ ಕಣೇ. ಆ ನರ್ಮದಾ ಏನ್ ಬರೆದ್ಲು ಗೊತ್ತಾ ನಿಂಗೆ? ಮನೆ ಬುಟ್ಟು ಬಂದೋಳಿಗೆ ಉಂಡಿದ್ದೂ ಮೈಗೆ ಹತ್ತಕ್ಕಿಲ್ಲ ಅಂತ. ಅಷ್ಟ್ ಗಟ್ಟಿಗಿತ್ತಿಗೇ ಆಗ್ಲಿಲ್ಲ, ನನ್ ಕೈಲಾದದಾ?"

"ಯಾವಳೇ ಅವ್ಳು ನರ್ಮದಾ?"

"ಟರ್ಕಿಯೋಳು."

"ಸಿನಿಮಾದೋಳ್ ಮಾತ್ ಕೇಳ್ಕಂಡು ಬ್ಯಾಡ ಅಂತೀಯಲ್ಲೇ!" ರತ್ನ ತಲೆ ಚಚ್ಚಿಕೊಂಡಿರಬೇಕು. "ಸೋಮವಾರ ಬೆಳಗ್ಗೆ ಬತ್ತೀನಿ. ಅಲ್ಲಿಗಂಟ ಯೋಚ್ನೆ ಮಾಡು. ಆಮೇಲೆ ಬೇರೇರ್ಗೆ ಕೊಡ್ಬೇಕಾಯ್ತದೆ."

ಒಂದಕ್ಷರ ಆಚೀಚೆ ಇಲ್ಲದೆ ನೀನು ಅದನ್ನು ಹೇಳಿದೆ. ನಾನು ಎರಡು ಕ್ಷಣದಲ್ಲಿ ಕಟ್ಟಿದ ಮಾತನ್ನು ನೀನು ಆರು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನೀನು ಮನೆಯಲ್ಲಿ ಉಳಿದದ್ದು ನಿನಗೆ ಇಷ್ಟವಿದ್ದುದರಿಂದಲ್ಲ. ನಿನ್ನ ಕೈಲಾಗದು ಎಂದು ನೀನು ನಂಬಿದ್ದರಿಂದ. ನಂಬಿಸಿದವಳು ನಾನು.

ನಿನ್ನೆ ಮಧ್ಯಾಹ್ನ, ನೀನು ಅತ್ತೆಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿದ್ದಾಗ, ಸ್ಕೂಲಿಗೆ ಅರ್ಧ ದಿನ ರಜೆ ತೆಗೆದುಕೊಂಡು ಬಂದು ಆ ಸಿನಿಮಾ ಮತ್ತೆ ಹಾಕಿದೆ. ಕೊನೆಯ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ, ಪೆನ್ನು ಹಿಡಿದು ಬರೆದುಕೊಂಡೆ. ನರ್ಮದಾ ಬರೆದದ್ದು ಇದು:

"ಅಣ್ಣ, ಊಟಕ್ಕೆ ನನ್ನನ್ನು ಕಾಯಬೇಡಿ. ಅಂಗಡಿ ಚಿಕ್ಕದು, ಮಳೆ ಬಂದರೆ ಒಂದು ಮೂಲೆ ಸೋರುತ್ತದೆ. ಬಸ್ಸಿನವರು ನನ್ನ ಸೂಪಿಗೆಂದೇ ಐದು ನಿಮಿಷ ಹೆಚ್ಚು ನಿಲ್ಲಿಸುತ್ತಾರೆ. ಒಬ್ಬಳೇ ಇರುವಾಗ ನಿಮ್ಮ ನೆನಪಾಗಿ ಅಳು ಬರುತ್ತದೆ. ಅತ್ತು ಮುಗಿದ ಮೇಲೆ ನಾಳೆಗೆ ಬೇಳೆ ನೆನೆಹಾಕುತ್ತೇನೆ. ಹಬ್ಬಕ್ಕೆ ಬರುತ್ತೇನೆ, ನೆಂಟಳಾಗಿ ಬರುತ್ತೇನೆ."

ಇಷ್ಟೇ ಇದ್ದದ್ದು. ನನ್ನ ಮಾತನ್ನು ಇನ್ನು ನೀನು ಯಾಕೆ ನಂಬಬೇಕು? ನಂಬಬೇಡ. ಇಂಗ್ಲಿಷ್ ಸಾಲುಗಳನ್ನೂ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ರತ್ನನ ಮಗಳಿಗೆ ಇಂಗ್ಲಿಷ್ ಬರುತ್ತದಲ್ಲ, ಅವಳಿಗೆ ಕೊಟ್ಟು ಓದಿಸು, ಇಲ್ಲವೇ ಬೀದಿಯಲ್ಲಿ ಯಾರಿಗಾದರೂ ಸರಿ.

ನೀನು ಹೋಗಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ, ಇರಬೇಕೆಂದೂ ಇಲ್ಲ. ಆ ವಿಷಯದಲ್ಲಿ ಬಾಯಿ ಹಾಕುವ ಯೋಗ್ಯತೆಯನ್ನು ಆರು ವರ್ಷದ ಹಿಂದೆಯೇ ಕಳೆದುಕೊಂಡೆ. ಅತ್ತೆಯ ಸ್ನಾನ, ಮಾತ್ರೆ ನಾಳೆಯಿಂದ ನನ್ನವು, ನೀನು ಏನೇ ತೀರ್ಮಾನ ಮಾಡಿದರೂ ನನ್ನವು. ನಾಳೆ ಭಾನುವಾರದ ಅಡುಗೆಯೂ ನನ್ನದೇ. ಯಾವ ದೇಶದ್ದೆಂದು ಗುರುತು ಸಿಗದ ಹಾಗೆ ಆಗಬಹುದು, ತಿನ್ನು ಎಂದು ಬಲವಂತ ಮಾಡುವುದಿಲ್ಲ. ಆ ಮೊದಲ ಮಳಿಗೆ, ಆ ಆರು ವರ್ಷ — ಅದನ್ನು ವಾಪಸು ಕೊಡುವುದು ನನ್ನಿಂದ ಆಗದು. ಕ್ಷಮಿಸು ಎಂದು ಬರೆದು, ಹೊಡೆದುಹಾಕಿದ್ದೇನೆ. ಕೇಳುವುದು ನನಗೆ ಸುಲಭ, ಇಲ್ಲವೆನ್ನುವುದು ನಿನಗೆ ಕಷ್ಟ. ಆ ಕಷ್ಟವನ್ನೂ ನಿನ್ನ ತಲೆಗೆ ಕಟ್ಟಲಾರೆ.

ಓದಿ ಮುಗಿಸಿದ ಮೇಲೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ, ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದು ಟೀವಿಯ ಪಕ್ಕ ಇಡು. ಎಷ್ಟು ಕಟುವಾಗಿದ್ದರೂ ಇರಲಿ. ನಿಮ್ಮಣ್ಣನನ್ನು, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಒಂದು ಮಾತನ್ನೂ ಬಿಡದೆ, ಒಂದು ಮಾತನ್ನೂ ಸೇರಿಸದೆ, ನಾನೇ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ.